ಎಳೆ ಹರಿದರೆ ನಿಲ್ಲುವ ಮಗ್ಗ

ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಉರ್ಸೆ ಟೋಲ್ ನಾಕಾ ತಳೇಗಾಂವ ದಾಭಾಡೆಯ ಮಗ್ಗುಲಲ್ಲೇ ಇದೆ. ಬೆಳಗಿನ ಹೊತ್ತು ಅಲ್ಲಿ ನಿಂತರೆ ಹಳದಿ ನಂಬರ್ ಪ್ಲೇಟಿನ ಇನ್ನೋವಾಗಳು ಒಂದರ ಹಿಂದೊಂದು ಹಾಯುತ್ತವೆ. ವಿಮಾನ ನಿಲ್ದಾಣದ ಬಾಡಿಗೆ, ಶಿರಡಿ ಯಾತ್ರೆ, ಮದುವೆಯ ದಿಬ್ಬಣ, ಕಂಪನಿ ಸಾಹೇಬರ ಸವಾರಿ ಎಲ್ಲಕ್ಕೂ ಅದೇ ಗಾಡಿ. ನಡುನಡುವೆ ಕೆಎ ನಂಬರಿನವೂ ಕಾಣುತ್ತವೆ; ಪುಣೆ, ಪಿಂಪ್ರಿ-ಚಿಂಚವಡ, ತಳೇಗಾಂವದ ಪಟ್ಟಿಯಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಮನೆಗಳು ಬಹಳ ಇವೆ, ಹಬ್ಬಕ್ಕೆ ಊರಿಗೆ ಹೋಗಿಬರುವ ದಾರಿಯೂ ಇದೇ. ಬಾಡಿಗೆ ಗಾಡಿಯವರನ್ನು ಕೇಳಿ ನೋಡಿ. ಇನ್ನೋವಾದ ಅಂದಚೆಂದದ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ನಡುದಾರಿಯಲ್ಲಿ ಕೈಕೊಡುವುದಿಲ್ಲ, ಮಾರಲು ಹೋದರೆ ಬೆಲೆ ಬಿದ್ದುಹೋಗಿರುವುದಿಲ್ಲ ಎನ್ನುತ್ತಾರೆ. ಟೊಯೋಟಾ ಎಂಬ ಹೆಸರಿಗೆ ನಮ್ಮಲ್ಲಿ ಇರುವ ಮರ್ಯಾದೆಯೆಲ್ಲ ಈ ಎರಡು ಮಾತಿನಲ್ಲಿದೆ.

ತಳೇಗಾಂವದಲ್ಲಿ ಟೊಯೋಟಾ ಕಾರ್ಖಾನೆ ಇಲ್ಲ. ಇಲ್ಲಿದ್ದದ್ದು ಅದರ ಹಳೆಯ ಎದುರಾಳಿ, ಅಮೆರಿಕದ ಜನರಲ್ ಮೋಟರ್ಸ್. 2008ರಲ್ಲಿ ತೆರೆದ ಆ ಕಾರ್ಖಾನೆಯಿಂದ ಶೆವ್ರೊಲೆ ಸ್ಪಾರ್ಕ್, ಬೀಟ್ ಕಾರುಗಳು ಹೊರಬಂದವು. 2017ರಲ್ಲಿ ಕಂಪನಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. ರಫ್ತಿಗೆಂದು ನಡೆಯುತ್ತಿದ್ದ ಉತ್ಪಾದನೆಯೂ 2020ರ ಡಿಸೆಂಬರಿನಲ್ಲಿ ನಿಂತಿತು. ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಈಗ ಆ ಜಾಗ ಕೊರಿಯಾದ ಹ್ಯುಂಡೈ ಕಂಪನಿಯದು. ಅದೇ ಜನರಲ್ ಮೋಟರ್ಸ್‌ನಿಂದ ಒಂದು ಕಾಲಕ್ಕೆ ಪಾಠ ಕಲಿತ ಟೊಯೋಟಾ ಬೆಂಗಳೂರಿನ ಬಳಿಯ ಬಿಡದಿಯಲ್ಲಿ 1999ರಿಂದ ಬೇರುಬಿಟ್ಟು ನಿಂತಿದೆ. ಹೀಗೇಕಾಯಿತು ಎಂದು ತಿಳಿಯಲು ಕಾರಿಗಿಂತ ಹಿಂದಕ್ಕೆ ಹೋಗಬೇಕು, ಮಗ್ಗದ ಹತ್ತಿರ.

ಜಪಾನಿನ ನಂಟು ತಳೇಗಾಂವಕ್ಕೆ ಹೊಸದೇನಲ್ಲ. ಸ್ವದೇಶಿ ಚಳವಳಿಯ ಕಾಲದಲ್ಲಿ ಅಂತಾಜಿ ದಾಮೋದರ ಕಾಳೆಯವರು ಜನರಿಂದ ಪೈಸೆ ಪೈಸೆ ಕೂಡಿಸಿ ಪೈಸಾ ಫಂಡ್ ಕಟ್ಟಿದರು. ಟಿಳಕರು ಬೆಂಬಲಕ್ಕೆ ನಿಂತರು. ಆ ಹಣದಿಂದ 1908ರಲ್ಲಿ ಇಲ್ಲಿ ಗಾಜಿನ ಕಾರ್ಖಾನೆ ಹುಟ್ಟಿತು. ಅದನ್ನು ನಡೆಸಲು ಬಂದ ಈಶ್ವರದಾಸ ವರ್ಷ್ಣೇಯರು ಗಾಜಿನ ವಿದ್ಯೆ ಕಲಿತದ್ದು ಜಪಾನಿನಲ್ಲಿ. ಅದೇ ಕಾಲಕ್ಕೆ ಆ ದೇಶದಲ್ಲಿ ಬಡಗಿಯ ಮಗನೊಬ್ಬ ಮಗ್ಗವನ್ನು ಬಿಚ್ಚುವುದು, ಮತ್ತೆ ಜೋಡಿಸುವುದು ಮಾಡುತ್ತಿದ್ದ. ಅವನ ಹೆಸರು ಸಾಕಿಚಿ ಟೊಯೋಡಾ.

ಸಾಕಿಚಿ ಹುಟ್ಟಿದ್ದು 1867ರಲ್ಲಿ, ಈಗಿನ ಶಿಜುವೊಕಾ ಪ್ರಾಂತದ ಹಳ್ಳಿಯೊಂದರಲ್ಲಿ. ಊರಿನ ಹೆಂಗಸರು ಕೈಮಗ್ಗದ ಮುಂದೆ ಇಡೀ ದಿನ ಬೆನ್ನು ಬಗ್ಗಿಸಿ ಕೂರುವುದನ್ನು ಕಂಡು ಬೆಳೆದವನು. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗದವರೆಗೆ ಅವನ ಬದುಕೆಲ್ಲ ಮಗ್ಗಕ್ಕೇ ಹೋಯಿತು.

ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡದ ಓದುಗರಿಗೆ ಆ ಮಗ್ಗದ ಹೆಚ್ಚುಗಾರಿಕೆ ಬೇಗ ಅರ್ಥವಾದೀತು. ಲಾಳಿಯೊಳಗಿನ ಕಂಡಿಕೆ ಖಾಲಿಯಾದರೆ ಮಗ್ಗ ನಿಲ್ಲಿಸಿ ಬದಲಿಸಬೇಕು. ಜಿ ಮಗ್ಗ ಓಡುತ್ತಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಅದಕ್ಕಿಂತ ದೊಡ್ಡ ಗುಣ ಇನ್ನೊಂದು. ಹಾಸಿನ ಎಳೆಯಾಗಲಿ ಹೊಕ್ಕಿನ ಎಳೆಯಾಗಲಿ ಹರಿದರೆ ಮಗ್ಗ ತಾನಾಗಿ ನಿಂತುಬಿಡುತ್ತಿತ್ತು. ಎಳೆ ಹರಿದದ್ದು ತಿಳಿಯದೆ ಮಾರುಗಟ್ಟಲೆ ಬಟ್ಟೆ ಕೆಡುವುದನ್ನು ಕಂಡವರಿಗೆ ಈ ನಿಲ್ಲುವಿಕೆಯ ಬೆಲೆ ಗೊತ್ತು. ಕಾವಲು ಕಾಯುವ ಕೆಲಸ ಯಂತ್ರಕ್ಕೇ ಬಂದದ್ದರಿಂದ ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ಜಪಾನಿಯರು ಈ ತತ್ವವನ್ನು ‘ಜಿದೋಕಾ’ ಎನ್ನುತ್ತಾರೆ. ಸ್ವಯಂಚಾಲನೆ ಎಂಬ ಅವರ ಪದದಲ್ಲಿ ‘ಚಲನೆ’ಗೆ ಇರುವ ಅಕ್ಷರದ ಪಕ್ಕದಲ್ಲಿ ಟೊಯೋಟಾದವರು ‘ಮನುಷ್ಯ’ ಎಂಬುದರ ಗುರುತನ್ನು ಸೇರಿಸಿ ಬರೆಯುತ್ತಾರೆ. ಆಗ ಆ ಅಕ್ಷರಕ್ಕೆ ‘ದುಡಿಮೆ’ ಎಂಬ ಅರ್ಥ ಬರುತ್ತದೆ. ಒಂದು ಕಂಪನಿಯನ್ನು ಒಂದೇ ಅಕ್ಷರದಲ್ಲಿ ಹೇಳುವುದಿದ್ದರೆ ನಾನು ಇದನ್ನೇ ಆರಿಸುತ್ತೇನೆ.

1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1,00,000 ಪೌಂಡಿಗೆ ಕೊಂಡಿತು. ಜಗತ್ತಿಗೆಲ್ಲ ಮಗ್ಗ ಮಾರುತ್ತಿದ್ದ ಇಂಗ್ಲಿಷರು ಜಪಾನಿನ ಬಡಗಿಯ ಮಗನಿಂದ ಮಗ್ಗದ ಹಕ್ಕು ಕೊಂಡರು. ಮರುವರ್ಷ ಸಾಕಿಚಿ ತೀರಿಕೊಂಡ. ಮಗ ಕಿಯಿಚಿರೋ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ವಾಹನ ವಿಭಾಗ ತೆರೆದ. 1935ರಲ್ಲಿ ಲಾರಿ, 1936ರಲ್ಲಿ ಎಎ ಮಾದರಿಯ ಕಾರು ಬಂದವು. ಆ ವರ್ಷವೇ ಹೆಸರು, ಲಾಂಛನಕ್ಕಾಗಿ ಜನರಿಂದ ಸಲಹೆ ಕರೆದಾಗ ಸುಮಾರು 27,000 ಉತ್ತರ ಬಂದವು. ‘ಟೊಯೋಡಾ’ ಹೋಗಿ ‘ಟೊಯೋಟಾ’ ಆಯಿತು. ಜಪಾನೀ ಲಿಪಿಯಲ್ಲಿ ಅದನ್ನು ಬರೆಯಲು ಎಂಟು ಗೀಟು ಸಾಕು, ಎಂಟು ಅವರಿಗೆ ಶುಭಸಂಖ್ಯೆ. 1937ರ ಆಗಸ್ಟ್ 28ರಂದು ಕಂಪನಿ ನೋಂದಣಿಯಾಯಿತು.

ಬಾಳಿಕೆಗೆ ಹೆಸರಾದ ಈ ಕಂಪನಿಯ ಮೊದಲ ಲಾರಿಗಳು ದಾರಿಯಲ್ಲಿ ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿದ್ದವು. ಅವನ್ನು ಮಾರಲು ಬಂದ ಶೋತಾರೋ ಕಾಮಿಯಾ ಜಪಾನಿನ ಜನರಲ್ ಮೋಟರ್ಸ್ ಬಿಟ್ಟು ಬಂದವರು. ಮೊದಲು ಗಿರಾಕಿ, ಆಮೇಲೆ ಮಾರುವವ, ಕೊನೆಗೆ ತಯಾರಕ ಎಂಬ ಸಾಲನ್ನು ಅವರು ಕಂಪನಿಗೆ ಕಲಿಸಿದರು. ಕೆಟ್ಟ ಲಾರಿ ಎಲ್ಲಿದೆಯೋ ಅಲ್ಲಿಗೇ ಜನ ಹೋಗಿ ದುರಸ್ತಿ ಮಾಡಿಕೊಟ್ಟರು, ಯಾವ ಭಾಗ ಏಕೆ ಮುರಿಯಿತೆಂದು ಬರೆದುಕೊಂಡು ಬಂದರು. 1957ರಲ್ಲಿ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗ ತಾಳಲಿಲ್ಲ. ರಫ್ತು ನಿಲ್ಲಿಸಿ, ತಿದ್ದಿಕೊಂಡು ಮತ್ತೆ ಹೋದರು. 1966ರ ಕೊರೊಲಾ ಬರುವ ಹೊತ್ತಿಗೆ ಕೈ ಪಳಗಿತ್ತು. ಹೆಸರು ಬಂದದ್ದು ಹೀಗೆ, ಮೂವತ್ತು ವರ್ಷ ತಪ್ಪು ತಿದ್ದಿ.

ನಡುವೆ 1950 ಕಂಪನಿ ಮುಳುಗುವಂತಿದ್ದ ವರ್ಷ. ಯುದ್ಧಾನಂತರದ ಬಿಕ್ಕಟ್ಟಿನಲ್ಲಿ ಸಂಬಳಕ್ಕೂ ಹಣವಿರಲಿಲ್ಲ. ಸಾವಿರಾರು ಜನರನ್ನು ತೆಗೆಯಬೇಕಾಗಿ ಬಂದು ದೀರ್ಘ ಮುಷ್ಕರ ನಡೆಯಿತು. ಕಿಯಿಚಿರೋ ಅದರ ಹೊಣೆ ಹೊತ್ತು ರಾಜೀನಾಮೆ ಕೊಟ್ಟ, 1952ರಲ್ಲಿ ತೀರಿಕೊಂಡ. ಕೊರಿಯಾ ಯುದ್ಧದ ಲಾರಿ ಬೇಡಿಕೆ ಕಂಪನಿಯನ್ನು ಬದುಕಿಸಿತು. ಆ ದಿನಗಳಲ್ಲೇ ತಾಯಿಚಿ ಓನೋ ಎಂಬ ಎಂಜಿನಿಯರ್ ಸಾಕಿಚಿಯ ಮಗ್ಗದ ತತ್ವವನ್ನು ಅವನ ಮಗನ ಕಾರಿಗೆ ಜೋಡಿಸಿದರು. ಮುಂದಿನ ಮೇಜಿಗೆ ಬೇಕಾದಷ್ಟನ್ನೇ ಬೇಕಾದಾಗ ಮಾಡಬೇಕು, ರಾಶಿ ಹಾಕಬಾರದು. ಏನು ಬೇಕೆಂದು ಹೇಳಲು ‘ಕಾನ್‌ಬಾನ್’ ಎಂಬ ಚೀಟಿ. ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿ ಎತ್ತಿಕೊಂಡಷ್ಟೇ ಸಾಮಾನನ್ನು ಮತ್ತೆ ತುಂಬಿಸುವ ಪದ್ಧತಿ ಅವರಿಗೆ ಮಾದರಿಯಾಯಿತು. ಇನ್ನು ಲೈನಿನ ಮೇಲೊಂದು ಹಗ್ಗ. ತಪ್ಪು ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿಬರುತ್ತಾನೆ, ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಎಳೆ ಹರಿದಾಗ ನಿಲ್ಲುವ ಮಗ್ಗವೇ ಇದು.

1984ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮುಚ್ಚಿದ್ದ ಕಾರ್ಖಾನೆಯನ್ನು ಎರಡೂ ಕಂಪನಿಗಳು ಸೇರಿ ತೆರೆದವು. ಗೈರುಹಾಜರಿಗೂ ಕೆಟ್ಟ ಕೆಲಸಕ್ಕೂ ಹೆಸರಾಗಿದ್ದ ಹಳೆಯ ಕಾರ್ಮಿಕರನ್ನೇ ಬಹುಪಾಲು ಮತ್ತೆ ತೆಗೆದುಕೊಂಡು, ಅವರ ಕೈಗೆ ಆ ಹಗ್ಗ ಕೊಟ್ಟರು. ಸ್ವಲ್ಪ ಕಾಲದಲ್ಲೇ ಅಲ್ಲಿಂದ ಜಪಾನಿನ ಗುಣಮಟ್ಟದ ಕಾರುಗಳು ಬಂದವು. ಆ ಪಾಠವನ್ನು ತನ್ನ ಉಳಿದ ಕಾರ್ಖಾನೆಗಳಿಗೆಲ್ಲ ಬೇಗ ಹಬ್ಬಿಸುವುದು ಜನರಲ್ ಮೋಟರ್ಸ್‌ಗೆ ಆಗಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಸಾಕಿಚಿ ಹುಟ್ಟಿದ ಎರಡು ವರ್ಷಕ್ಕೆ, 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಬಂದವು. ಅಲ್ಲಿ ನೇಯುವ ಹೆಂಗಸರ ಕಷ್ಟ, ಇಲ್ಲಿ ಉಳುವ ರೈತನ ಕಷ್ಟ. ಎರಡು ಮನೆತನಗಳೂ ಹಳ್ಳಿಯ ಸಲಕರಣೆಯಿಂದಲೇ ಹೊರಟವು. ಅವು ಕೈಕುಲುಕಿದ್ದೂ ನೂಲಿನ ಮೇಲೆಯೇ. 1995ರಲ್ಲಿ ನೂಲುವ ಯಂತ್ರಗಳಿಗಾಗಿ ಬೆಂಗಳೂರಿನಲ್ಲಿ ಜಂಟಿ ಕಂಪನಿ ಮಾಡಿಕೊಂಡ ಮೇಲೆ, 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಹುಟ್ಟಿತು. ಅದರ ಹಿಂದೆ ಇದ್ದವರು ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ್. 2022ರ ನವೆಂಬರಿನಲ್ಲಿ ಅವರು ತೀರಿಕೊಂಡರು.

ಟೊಯೋಟಾ ಅದಕ್ಕೂ ಮೊದಲು, 1980ರ ದಶಕದಲ್ಲಿ, ಡಿಸಿಎಂ ಜತೆ ಸೇರಿ ಉತ್ತರ ಭಾರತದಲ್ಲಿ ಸಣ್ಣ ಲಾರಿ ಮಾಡಿತ್ತು. ಅದು ನಿಲ್ಲಲಿಲ್ಲ. ಕಂಪನಿ ನೆಲೆ ನಿಂತದ್ದು ಬಿಡದಿಯ 432 ಎಕರೆಯಲ್ಲಿ. 1999ರ ಡಿಸೆಂಬರಿನಲ್ಲಿ ಉತ್ಪಾದನೆ ಆರಂಭವಾಗಿ, 2000ದಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು. ಇಂಡೋನೇಷ್ಯಾದಲ್ಲಿ ಜಿಂಕೆಯ ಜಾತಿಯೊಂದರ ಹೆಸರಿನಲ್ಲಿ, ‘ಕಿಜಾಂಗ್’ ಎಂದು, ಓಡುತ್ತಿದ್ದ ಹಳೆಯ ಗಾಡಿಯೇ ಅದು. ಹೊಸ ಶತಮಾನಕ್ಕೆ ಹಳೆಯ ಡಬ್ಬಿ ತಂದರು ಎಂದು ಪತ್ರಿಕೆಗಳು ಮೂಗು ಮುರಿದವು. ಆದರೆ ಎಂಟು ಜನ ಕೂರುವ ಮನೆಗೆ, ದಿನಕ್ಕೆ ನಾನೂರು ಕಿಲೋಮೀಟರ್ ಓಡುವ ಬಾಡಿಗೆಯವನಿಗೆ ಬೇಕಾದದ್ದು ಅದೇ ಗಾಡಿ. ಚೆನ್ನಾಗಿ ಮಾರುತ್ತಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಆ ಧೈರ್ಯ ಫಲ ಕೊಟ್ಟಿತು. ಎಲ್ಲ ಗಾಡಿಗಳೂ ಹಾಗೆ ಗೆಲ್ಲಲಿಲ್ಲ. ಭಾರತಕ್ಕೆಂದೇ 2010ರಲ್ಲಿ ಮಾಡಿದ ಎಟಿಯೋಸ್ ಗಟ್ಟಿಯಾಗಿತ್ತು, ಟ್ಯಾಕ್ಸಿಯವರು ಮೆಚ್ಚಿದರು. ಮನೆಗೆ ಕಾರು ಕೊಳ್ಳುವವರ ಮನಸ್ಸು ಹಿಡಿಯಲಿಲ್ಲ. 2020ರಲ್ಲಿ ನಿಂತಿತು.

ಬಿಡದಿ ತಟ್ಟೆ ಇಡ್ಲಿಯ ಊರು. ಪಕ್ಕದ ರಾಮನಗರ ಏಷ್ಯಾದಲ್ಲೇ ದೊಡ್ಡದೆನ್ನುವ ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಇದೇ ಬಿಡದಿಯಲ್ಲಿ ಈಗ ಟೊಯೋಟಾದ ಹೈರೈಡರ್ ಜತೆ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಕೂಡ ತಯಾರಾಗುತ್ತದೆ. ಸುಜುಕಿಯೂ 1909ರಲ್ಲಿ ಮಗ್ಗದ ಕಾರ್ಖಾನೆಯಾಗಿಯೇ, ಅದೇ ಶಿಜುವೊಕಾ ಪ್ರಾಂತದಲ್ಲಿ ಹುಟ್ಟಿದ್ದು. ಜಪಾನಿನ ಎರಡು ಮಗ್ಗದ ಮನೆಗಳು ರೇಷ್ಮೆಯ ನಾಡಿನಲ್ಲಿ ಒಂದೇ ಸೂರಿನಡಿ ಕೆಲಸ ಮಾಡುತ್ತಿವೆ. ಇಷ್ಟು ಚಂದದ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ ಎಂಬುದು ನನಗೆ ಬೇಸರ.

ಹೊಗಳಬೇಕಾದ್ದನ್ನೆಲ್ಲ ಹೇಳಿದ ಮೇಲೆ ಹರಿದ ಎಳೆಗಳನ್ನೂ ಹೇಳಬೇಕು. ಬಿಡದಿಯಲ್ಲಿ 2006ರಲ್ಲಿ ಮುಷ್ಕರ, 2014ರಲ್ಲಿ ಲಾಕೌಟ್. 2020ರ ನವೆಂಬರಿನಲ್ಲಿ ಶುರುವಾದ ಜಗಳ 2021ರ ಮಾರ್ಚ್ ತನಕ ಎಳೆಯಿತು. ಕೆಲಸದ ಹೊರೆ ತಾಳಲಾರದ್ದು ಎಂದು ಸಂಘ, ಶಿಸ್ತು ಮುರಿದಿದೆ ಎಂದು ಕಂಪನಿ. ತಿಂಗಳುಗಟ್ಟಲೆ ಸಂಬಳವಿಲ್ಲದೆ ಗೇಟಿನ ಹೊರಗೆ ಕೂತವರು ಮೂರು ಸಾವಿರಕ್ಕೂ ಹೆಚ್ಚು. ಹೊರೆ ಹೆಚ್ಚಾಯಿತು ಎಂಬುದೂ ಹಗ್ಗ ಎಳೆದಂತೆಯೇ ಎಂದು ನನ್ನ ಎಣಿಕೆ. ಆಗಲೂ ಮುಖ್ಯಸ್ಥ ಓಡಿಬರಬೇಕು. ಜಾಗತಿಕ ಮಟ್ಟದಲ್ಲೂ ಎಳೆಗಳು ಹರಿದವು. ತಾನಾಗಿ ವೇಗ ಏರುವ ದೂರುಗಳಿಂದ 2009-10ರಲ್ಲಿ ಲಕ್ಷಗಟ್ಟಲೆ ಕಾರು ವಾಪಸು ಕರೆಸಿದರು. ಕಂಪನಿಯ ಅಂದಿನ ಅಧ್ಯಕ್ಷ, ಕಿಯಿಚಿರೋನ ಮೊಮ್ಮಗ ಅಕಿಯೋ ಟೊಯೋಡಾ 2010ರ ಫೆಬ್ರುವರಿ 24ರಂದು ಅಮೆರಿಕದ ಸಂಸತ್ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಬೆಳೆಯುವ ಅವಸರದಲ್ಲಿ ಕ್ರಮ ತಪ್ಪಿತೆಂದು ಒಪ್ಪಿಕೊಂಡರು. ದೂರುಗಳನ್ನು ಮುಚ್ಚಿಟ್ಟ ಪ್ರಕರಣದಲ್ಲಿ 2014ರಲ್ಲಿ 120 ಕೋಟಿ ಡಾಲರ್ ತೆತ್ತರು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್ ಪರೀಕ್ಷೆಯಲ್ಲಿ ಲೋಪ ಕಂಡಿತು. ಲೋಪ ನಡೆದದ್ದು ಸಾಕಿಚಿ ಮಗ್ಗಕ್ಕಾಗಿ ಕಟ್ಟಿದ ಮೂಲ ಕಂಪನಿಯಲ್ಲೇ. ಇನ್ನೋವಾ ಕ್ರಿಸ್ಟಾ, ಫಾರ್ಚುನರ್ ರವಾನೆ ಇಲ್ಲೂ ಕೆಲಕಾಲ ನಿಂತಿತ್ತು.

ಇಷ್ಟಾದರೂ ಟೊಯೋಟಾ ಬಗ್ಗೆ ನನಗೆ ಗೌರವ ಉಳಿದಿರುವುದಕ್ಕೆ ಬಿಡದಿಯ ಶಾಲೆಯೂ ಒಂದು ಕಾರಣ. 2007ರಲ್ಲಿ ತೆರೆದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಕರ್ನಾಟಕದ ಹಳ್ಳಿಗಳ ಬಡಮಕ್ಕಳಿಗೆ ಹತ್ತನೆಯ ತರಗತಿಯ ನಂತರ ಮೂರು ವರ್ಷ ಊಟ, ವಸತಿ, ವಿದ್ಯೆ ಸಿಗುತ್ತದೆ. ಇತ್ತ 2024ರ ಜುಲೈಯಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ಹೊಸ ಕಾರ್ಖಾನೆಗೆಂದು ಮಹಾರಾಷ್ಟ್ರ ಸರ್ಕಾರದೊಂದಿಗೂ ಒಡಂಬಡಿಕೆಯಾಗಿದೆ.

ತಳೇಗಾಂವದಿಂದ, ಬಿಡದಿಯಿಂದ ನಮ್ಮ ಎಂಜಿನಿಯರ್ ಹುಡುಗ ಹುಡುಗಿಯರು ಕೆಲಸಕ್ಕೆಂದು ಜಪಾನಿಗೆ ಹೋಗಿಬರುತ್ತಾರೆ. ನಾಗೋಯಾದಲ್ಲಿ ಟೊಯೋಡಾ ಮನೆತನದ ಹಳೆಯ ನೂಲಿನ ಗಿರಣಿಯ ಜಾಗದಲ್ಲಿ 1994ರಲ್ಲಿ ಸಂಗ್ರಹಾಲಯ ತೆರೆದಿದೆ. ಅದರಲ್ಲಿ ನೂಲಿಗೊಂದು, ಕಾರಿಗೊಂದು ವಿಭಾಗ. ದಯವಿಟ್ಟು ನೇರವಾಗಿ ಕಾರಿನ ಕಡೆ ಹೋಗಬೇಡಿ. ಮೊದಲು ಜಿ ಮಗ್ಗದ ಮುಂದೆ ನಿಂತು, ಹಾಸಿನ ಎಳೆಗಳನ್ನು ಹತ್ತಿರದಿಂದ ನೋಡಿ ಬನ್ನಿ.