ಊರು ಬಿಡುವ ಮೊದಲು ಒಂದು ಲೆಕ್ಕ



ತೊಗರಿ ರಾಶಿ ಮುಗಿದು, ಹತ್ತಿ ಬಿಡಿಸುವ ಕೆಲಸವೂ ತೀರಿದ ಮೇಲೆ, ಯಾದಗಿರಿ ಜಿಲ್ಲೆಯಲ್ಲಿ ಕಾಲುವೆ ನೀರು ಮುಟ್ಟದ ಊರುಗಳ ಕಟ್ಟೆಗಳ ಮೇಲೆ ಒಂದೇ ಮಾತು: “ಈ ಸಲ ಬೆಂಗಳೂರಿಗೆ ಹೋಗೋದ ಖರೆ.” ಹೋಗಬೇಕೋ ಬೇಡವೋ ಎಂಬುದು ನಿಮ್ಮ ನಿಮ್ಮ ಮನೆಯ ವಿಚಾರ, ಅದನ್ನು ಬೇರೆಯವರು ಹೇಳಲಾಗದು. ಆದರೆ ಹೆಂಡತಿ ಮಕ್ಕಳೊಂದಿಗೆ ಸುಮಾರು 500 ಕಿಲೋಮೀಟರು ದೂರ ಹೋಗುವುದೇ ನಿಶ್ಚಯ, ತಲೆಯ ಮೇಲೆ ಸಾಲವೂ ಇದೆ ಎಂದಾದರೆ, ಲೆಕ್ಕ ಹಾಕುವ ಬಗೆ ಹೇಗೆ? ಇಂದಿನ ಮಾತು ಅದೇ.

ಖರ್ಚು ಎಷ್ಟು ಬರುತ್ತದೆಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ರೈಲು ಚಾರ್ಜು ಹೇಳುತ್ತಾರೆ. ನಿಜವಾಗಿ ನೋಡಿದರೆ ಅದೇ ಎಲ್ಲಕ್ಕಿಂತ ಸಣ್ಣ ಬಾಬ್ತು. ಮಲಗುವ ದರ್ಜೆಯ ಟಿಕೀಟಿಗೆ ತಲೆಗೆ 40 ಕಿಲೋ, ಸಾಮಾನ್ಯ ಎರಡನೆಯ ದರ್ಜೆಗೆ 35 ಕಿಲೋ ಸಾಮಾನನ್ನು ರೈಲಿನವರು ಪುಕ್ಕಟೆ ಬಿಡುತ್ತಾರೆ. ನಾಲ್ಕು ಮಂದಿಯ ಸಂಸಾರಕ್ಕೆ ಅಷ್ಟು ಸಾಕು. ಲಾರಿ ಮಾಡಿ ಹಳೆಯ ಮಂಚ ಹೊತ್ತುಕೊಂಡು ಹೋಗಬೇಡಿ. ಮನುಷ್ಯನನ್ನು ಮುಳುಗಿಸುವುದು ಬೇರೆ ಎರಡು: ಮನೆಯ ಮಾಲೀಕನಿಗೆ ಕೊಡುವ ಅಡ್ವಾನ್ಸು, ಮತ್ತು ಊರಿನ ಗಳಿಕೆ ನಿಂತು ಅಲ್ಲಿಯ ಗಳಿಕೆ ಇನ್ನೂ ಕುದುರದಿರುವ ನಡುವಿನ ಒಂದೆರಡು ತಿಂಗಳು. ಆ ತಿಂಗಳುಗಳಲ್ಲಿ ಕೂಲಿ ನಿಲ್ಲಬಹುದು, ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಒಂದು ಸಂಸಾರದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಂಕಿಗಳು ತಿಳಿವಳಿಕೆಗಾಗಿ ಇಟ್ಟವು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ನಾಲ್ಕು ಎಕರೆ ಒಣಭೂಮಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಸೊಸೈಟಿಯ ಬೆಳೆಸಾಲ 80,000 ರೂಪಾಯಿ. ಸಾಹುಕಾರರ ಕೈಗಡ 60,000, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಹೆಂಡತಿ ಗುಂಪಿನಲ್ಲಿ ಸೇರಿ ಕಿರುಸಾಲದ ಕಂಪನಿಯಿಂದ ತಂದದ್ದರಲ್ಲಿ ತಿಂಗಳಿಗೆ 2,500ರ ಕಂತು, ಇನ್ನೂ 14 ಕಂತು ಬಾಕಿ, ಅಂದರೆ 35,000. ಒಟ್ಟು 1,75,000. ಕೈಯಲ್ಲಿರುವುದು ತೊಗರಿ, ಹತ್ತಿ ಮಾರಿದ 1,10,000. ಜೋಡೆತ್ತಿಗೆ 90,000 ಬರಬಹುದು. ಒಟ್ಟು ಎರಡು ಲಕ್ಷ.

ಮೇಲೆ ನೋಡಿದರೆ ಸಾಲಕ್ಕಿಂತ ಹಣವೇ ಹೆಚ್ಚು. “ಎಲ್ಲಾ ತೀರಿಸಿ, ಉಳಿದದ್ದು ಹಿಡಕೊಂಡು ಹೋಗೋಣ” ಅಂತ ಗಂಡ ಅನ್ನುತ್ತಾನೆ. ಮರ್ಯಾದಸ್ಥ ಮನುಷ್ಯ ಹಾಗೆಯೇ ಅನ್ನುವುದು. ಉಳಿಯುವುದು 25,000. ಅದು ಬೆಂಗಳೂರಿನ ಒಂದು ಕೋಣೆಯ ಅಡ್ವಾನ್ಸಿಗೇ ಸಾಲದು. ಆಮೇಲೆ ಏನಾಗುತ್ತದೆ? ಗುರುತು ಪರಿಚಯವಿಲ್ಲದ ಊರಿನಲ್ಲಿ ಐದರ ಬಡ್ಡಿಗೋ ಹತ್ತರ ಬಡ್ಡಿಗೋ ಹೊಸ ಸಾಲ. ಹಳೆಯ ಸಾಲವನ್ನು ಆತುರದಿಂದ ತೀರಿಸಿ, ಅದಕ್ಕಿಂತ ಕೆಟ್ಟ ಸಾಲವನ್ನು ಕೊಂಡುಕೊಂಡ ಹಾಗಾಯಿತು. ಹಾಗಾದರೆ ಏನೂ ಕಟ್ಟದೆ ಎರಡು ಲಕ್ಷವನ್ನೂ ಕಟ್ಟಿಕೊಂಡು ಹೋಗುವುದೇ? ಅದೂ ಸಲ್ಲದು. ಸಾಲಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಎಲ್ಲ ಸಾಲದ ಸ್ವಭಾವವೂ ಒಂದೇ ಅಲ್ಲ.

ಮೊದಲು ಸೊಸೈಟಿ. ಪ್ರಾಥಮಿಕ ಸಹಕಾರ ಸಂಘದ ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿಯಿಲ್ಲ. ಈ ಸೌಲಭ್ಯದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಅದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ವಾಯಿದೆ ತಪ್ಪಿದರೆ ಬಡ್ಡಿ ಬೀಳುತ್ತದೆ, ಹೆಸರು ಸುಸ್ತಿದಾರರ ಪಟ್ಟಿಗೆ ಹೋಗುತ್ತದೆ, ಮುಂದಿನ ಸಾಲವೂ ಹೋಗುತ್ತದೆ. ಬಡ್ಡಿಯಿಲ್ಲವೆಂದು ಇದನ್ನು ಕೊನೆಗೆ ತಳ್ಳುವವರುಂಟು. ನಮ್ಮ ಅಭಿಪ್ರಾಯದಲ್ಲಿ ವಾಯಿದೆಯ ದಿನಕ್ಕೆ ಮೊದಲು ಕಟ್ಟಬೇಕಾದದ್ದು ಇದನ್ನೇ. ಕಟ್ಟಿದ ಮೇಲೆ ಮತ್ತೆ ಸಾಲ ಎತ್ತುವುದು, ಊರಿನಲ್ಲಿರುವ ಅಣ್ಣನೋ ತಮ್ಮನೋ ಹೊಲ ಬಿತ್ತುವುದಾದರೆ ಮಾತ್ರ. ಬೆಳೆಗೆಂದು ಎತ್ತಿದ ಹಣವನ್ನು ಬೆಂಗಳೂರಿನ ಮನೆಯ ಅಡ್ವಾನ್ಸಿಗೆ ಕೊಟ್ಟರೆ ಬರುವ ವರ್ಷದ ವಾಯಿದೆಗೆ ಬೆಳೆಯೂ ಇಲ್ಲ, ಹಣವೂ ಇಲ್ಲ.

ಇನ್ನು ಸಾಹುಕಾರರ ಕೈಗಡ. ನೂರಕ್ಕೆ ಮೂರು ಅಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ನೂರಕ್ಕೆ 36 ಆಯಿತು. 60,000ಕ್ಕೆ ತಿಂಗಳಿಗೆ 1,800. ಬರೀ ಬಡ್ಡಿ ಕಟ್ಟುತ್ತ ಹೋದರೆ ಮೂರು ವರ್ಷ ತುಂಬುವ ಮೊದಲೇ ಕಟ್ಟಿದ ಬಡ್ಡಿ ಅಸಲನ್ನು ಮೀರುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಲೇವಾದೇವಿಗಾರರ ಕಾಯಿದೆಯ ಪ್ರಕಾರ ರಾಜ್ಯದಲ್ಲಿ ಗೊತ್ತುಮಾಡಿದ ಬಡ್ಡಿ ಒತ್ತೆ ಇಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಒತ್ತೆ ಇಲ್ಲದ್ದಕ್ಕೆ 16. ಇದನ್ನು ತಿಳಿದುಕೊಂಡಿರಿ. ಜಗಳ ತೆಗೆಯಲೆಂದಲ್ಲ, ಕೂತು ಮಾತಾಡುವಾಗ ಧ್ವನಿ ಗಟ್ಟಿಯಿರಲಿ ಎಂದು.

ಈ ಸಾಲವನ್ನು ಪೂರ್ತಿ ತೀರಿಸಲು ಹೋಗದೆ ಅಸಲಿನಲ್ಲಿ 40,000 ಮುರಿಯಿರಿ. ಬಡ್ಡಿ 1,800ರಿಂದ 600ಕ್ಕೆ ಇಳಿಯುತ್ತದೆ. ಊರು ಬಿಡುವ ಸುದ್ದಿ ಸಾಹುಕಾರರಿಗೆ ಬೇರೆಯವರ ಬಾಯಿಂದ ಮುಟ್ಟಬಾರದು. ನೀವೇ ಹೋಗಿ, “ಸಾವಕಾರ್ರ, ನಲವತ್ತು ತಂದೀನ್ರಿ, ಅಸಲಿಗೆ ಹಿಡಕೋರಿ. ಉಳಿದದ್ದು ತಿಂಗಳಾ ಕಳಸ್ತೀನಿ” ಅಂತ ಹೇಳಿ. ಕಳ್ಳರಂತೆ ರಾತ್ರಿ ಹೊರಟವರ ಮನೆಯ ಮುದುಕರು ಬೆಳಗ್ಗೆ ಬೈಗುಳ ಕೇಳಬೇಕಾಗುತ್ತದೆ. ಕೊಟ್ಟ ಹಣವನ್ನು ಕೈಚೀಟಿಯ ಬೆನ್ನ ಮೇಲೆ ತಾರೀಖು ಹಾಕಿಸಿ ಬರೆಸಿ, ಅವರ ರುಜು ಪಡೆಯಿರಿ. “ನಮ್ಮೋರೇ ಅದಾರ, ಬರೆಸೋದ್ಯಾಕ” ಎನ್ನಬೇಡಿ. ದೂರ ಹೋದವನ ಪರವಾಗಿ ಮಾತಾಡುವುದು ಆ ಕಾಗದ ಒಂದೇ.

ಕಂಪನಿಯ ಕಂತಿನ ಕಥೆ ಬೇರೆ. ನೀವು ತಪ್ಪಿದರೆ ಗುಂಪಿನಲ್ಲಿರುವ ಪಕ್ಕದ ಮನೆಯ ಅಕ್ಕತಂಗಿಯರ ಮೇಲೆ ಒತ್ತಾಯ ಬರುತ್ತದೆ. ಆದ್ದರಿಂದ ಹೊರಡುವ ಮುನ್ನ ಗುಂಪಿನಲ್ಲಿ ಹೇಳಿ, ಕಂತನ್ನು ಬ್ಯಾಂಕಿನ ಖಾತೆಯ ಮೂಲಕ ಕಟ್ಟುವ ಏರ್ಪಾಡು ಮಾಡಿಕೊಳ್ಳಿ. 2022ರ ಏಪ್ರಿಲಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಿರುಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬೆದರಿಸುವುದು, ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನನ್ನೇ ತಂದಿದೆ.

ಈಗ ಎರಡು ಲಕ್ಷದಲ್ಲಿ ಸೊಸೈಟಿಗೆ 80,000, ಸಾಹುಕಾರರಿಗೆ 40,000 ಹೋಗಿ 80,000 ಉಳಿಯಿತು. ಇದರಲ್ಲಿ ಸಂಸಾರ ಬೆಂಗಳೂರಿಗೆ ಮುಟ್ಟಬೇಕು. 6,000 ಬಾಡಿಗೆಯ ಕೋಣೆಗೆ ಐದು ತಿಂಗಳ ಅಡ್ವಾನ್ಸು 30,000, ಮೊದಲ ತಿಂಗಳ ಬಾಡಿಗೆ 6,000. ಮನೆ ನೋಡಲು ಹೋಗಿಬರುವುದಕ್ಕೆ 3,000. ಪ್ರಯಾಣ, ಆಟೋ, ಹಮಾಲಿ 5,000. ಬಕೆಟು, ಚಾಪೆ, ಗ್ಯಾಸಿನ ಡಿಪಾಜಿಟ್ಟು ಮೊದಲಾದವಕ್ಕೆ 6,000. ಕೂಲಿ ಕುದುರುವವರೆಗೆ ಎರಡು ತಿಂಗಳ ಊಟ, ಓಡಾಟಕ್ಕೆ 16,000. ಮಕ್ಕಳ ಶಾಲೆಗೆ 3,000. ಇಷ್ಟಕ್ಕೇ ಬಹಳ ಮಂದಿ ಲೆಕ್ಕ ನಿಲ್ಲಿಸುತ್ತಾರೆ. ಇನ್ನೂ ಎರಡು ಬಾಬ್ತು ಉಂಟು: ಮೂರು ತಿಂಗಳ ಕಂತು 7,500, ಮೂರು ತಿಂಗಳ ಬಡ್ಡಿ 1,800. ಈ 9,300 ರೂಪಾಯಿಯನ್ನು ಹೊರಡುವ ಮೊದಲೇ ಬೇರೆ ಖಾತೆಯಲ್ಲಿಡಿ, ಅಲ್ಲಿ ದುಡಿದು ಕಟ್ಟುತ್ತೇನೆಂದು ಬಿಡಬೇಡಿ. ಒಟ್ಟು 78,300 ಆಯಿತು. ಮಿಕ್ಕಿದ್ದು 1,700.

1,700 ರೂಪಾಯಿ ಒಂದು ಮಗುವಿನ ಜ್ವರಕ್ಕೆ ಸಾಲದು. ಹಾಗಾದರೆ ಹೋಗುವುದೇ ಬೇಡವೇ? ಬೇಡವೆಂದಲ್ಲ, ಎಲ್ಲರೂ ಒಮ್ಮೆಗೇ ಹೋಗಬೇಡಿ. ರಾಶಿ ಮುಗಿದ ಮೇಲೆ ಫೆಬ್ರವರಿಯಲ್ಲಿ ಗಂಡಸು ಒಬ್ಬನೇ ಹೋಗಲಿ, ಊರಿನವರ ಕೋಣೆಯಲ್ಲಿ ಪಾಲು ಕೊಟ್ಟು ಇರಲಿ. ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಾಗ ಉಳಿದವರು ಹೋಗಲಿ. ಅಷ್ಟರಲ್ಲಿ ಅವನು ಕೆಲಸದ ಜಾಡು ಹಿಡಿದಿರುತ್ತಾನೆ, ಮನೆಯನ್ನೂ ಅಲ್ಲಿದ್ದುಕೊಂಡೇ ನೋಡಿರುತ್ತಾನೆ. ಮನೆ ನೋಡುವ 3,000 ಉಳಿಯಿತು, ಎರಡು ತಿಂಗಳ ಊಟದಲ್ಲಿ ಒಂದು ತಿಂಗಳದ್ದು 8,000 ಉಳಿಯಿತು. ಕೈಯಲ್ಲಿ 1,700ರ ಬದಲು 12,700 ನಿಂತಿತು. ಇದನ್ನು ಸಾಹುಕಾರರಿಗೆ ಕೊಟ್ಟುಬಿಡುವ ಆಸೆ ಬರುತ್ತದೆ. ಕೊಡಬೇಡಿ, ಕಾಯಿಲೆ ಕಸಾಲೆಗೆಂದು ಇಡಿ.

ಕೂಲಿಯ ಅಂದಾಜಿನಲ್ಲೂ ಒಂದು ಎಚ್ಚರ ಬೇಕು. ದಿನಕ್ಕೆ 600 ಸಿಗುವುದಾದರೆ ತಿಂಗಳಿಗೆ 18,000 ಎಂದು ಗುಣಿಸಬೇಡಿ. ಮಳೆ, ಸಿಮೆಂಟು ಬಾರದ ದಿನ, ಮೈ ಸರಿಯಿಲ್ಲದ ದಿನ ಕಳೆದು 20 ದಿನವೆಂದು ಹಿಡಿಯಿರಿ, 12,000. ಹೆಂಡತಿಗೆ ಮನೆಗೆಲಸದಲ್ಲಿ 7,000 ಬಂದರೆ ಒಟ್ಟು 19,000. ಬಾಡಿಗೆ, ಊಟ, ಕಂತು ಕಳೆದರೆ 2,500 ಉಳಿಯುತ್ತದೆ. ಅಷ್ಟನ್ನೂ ತಿಂಗಳು ತಿಂಗಳು ಸಾಹುಕಾರರಿಗೆ ಕಳಿಸಿದರೆ ಬಾಕಿ 20,000 ಬಡ್ಡಿ ಸಹಿತ ಹತ್ತು ತಿಂಗಳೊಳಗೆ ತೀರುತ್ತದೆ. ಅಡ್ಡ ಬರುವುದು ಜಾತ್ರೆ, ಮದುವೆ. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನಿನಿಂದ ಹೆಂಗಸರಿಗೆ ಟಿಕೀಟಿಲ್ಲವೆಂದು ವರ್ಷಕ್ಕೆ ಆರು ಸಲ ಹೋಗಿಬಂದರೆ, ಗಂಡಸಿನ ಟಿಕೀಟು, ದಾರಿಖರ್ಚು, ಉಡುಗೊರೆ, ಕಳೆದ ಕೂಲಿ ಎಲ್ಲ ಸೇರಿ ಎರಡು ಕಂತು ಹೋದ ಹಾಗೆ. ಎರಡೇ ಸಲವೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಮೇಸ್ತ್ರಿಯ ಮುಂಗಡದ ಮಾತು ಹೇಳದಿದ್ದರೆ ಈ ಲೆಕ್ಕ ಅರ್ಧವಾದೀತು. “ಐವತ್ತು ಸಾವಿರ ಕೊಡ್ತೀನಿ, ಸಾಲ ತೀರಿಸಿ ಜೋಡಿ ಬಾ” ಎಂದು ಇಟ್ಟಿಗೆ ಭಟ್ಟಿಗೋ ಕಬ್ಬು ಕಡಿಯಲೋ ಕರೆಯುವವರಿದ್ದಾರೆ. ಎಲ್ಲರೂ ಕೆಟ್ಟವರಲ್ಲ. ಆದರೂ ಕೂಲಿ ಎಷ್ಟು, ಮುಂಗಡಕ್ಕೆ ದಿನಕ್ಕೆ ಎಷ್ಟು ಮುರಿಯುತ್ತಾರೆ, ನಡುವೆ ಬಿಟ್ಟರೆ ಏನು ಎಂಬುದನ್ನು ಬರೆದುಕೊಡದವರಿಂದ ಒಂದು ರೂಪಾಯಿ ಮುಟ್ಟಬೇಡಿ. ಮುಂಗಡದ ನೆಪದಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು 1976ರ ಜೀತಪದ್ಧತಿ ರದ್ದತಿ ಕಾಯಿದೆಯಂತೆ ಅಪರಾಧ. ಅಂಥವರು ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ದೂರು ಕೊಡಬಹುದು.

ಕಾಗದಪತ್ರಗಳ ವಿಚಾರ ಇಷ್ಟೇ. ರೇಷನ್ ಕಾರ್ಡನ್ನು ಬದಲಾಯಿಸಲು ದಲ್ಲಾಳಿಗೆ ದುಡ್ಡು ಕೊಡಬೇಡಿ. ಇರುವ ಕಾರ್ಡಿನಲ್ಲೇ ರಾಜ್ಯದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಪಡಿ ಪಡೆಯಬಹುದು. ಗ್ಯಾಸಿನ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಇಲ್ಲಿಯ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಚೀಟಿ ಪಡೆಯಿರಿ, ಡಿಪಾಜಿಟ್ಟು ಕೈಗೆ ಬರುತ್ತದೆ. ಕಟ್ಟಡದ ಕೆಲಸಕ್ಕೆ ಹೋದವರು ದುಡಿದ ದಿನಗಳನ್ನು ಬರೆದಿಡಿ, 90 ದಿನವಾದ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಅರ್ಜಿ ಹಾಕಬಹುದು. ಮಕ್ಕಳ ವರ್ಗಾವಣೆ ಪತ್ರವನ್ನು ಹೆಡ್‌ಮಾಸ್ತರರು ಕೂಡಲೇ ಕೊಡಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಅದು ಬರುವುದು ತಡವಾಯಿತೆಂದು ಅಲ್ಲಿಯ ಸರ್ಕಾರಿ ಶಾಲೆಯವರು ಎಂಟನೆಯ ತರಗತಿಯವರೆಗಿನ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಶಾಲೆ ತೆರೆಯುವ ವಾರವೇ ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಆ ಒಂದು ದಿನದ ಕೂಲಿ ಹೋದರೆ ಹೋಗಲಿ.