‘ವಿಮೋಚನೆ’ಯ ನಂತರದ ನಡಿಗೆ

ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ರಕ್ತನಾಳತಜ್ಞ ಪಾವೊಲೊ ಜಂಬೋನಿಯವರ ಪತ್ನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿತ್ತು. ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ದೇಹದ ರಕ್ಷಣಾವ್ಯವಸ್ಥೆಯೇ ಹಾಳುಗೆಡಹುವ ಈ ವ್ಯಾಧಿಯಲ್ಲಿ ಕಾಲು ಸೋಲುತ್ತದೆ, ದೃಷ್ಟಿ ಮಸುಕಾಗುತ್ತದೆ, ಅತೀವ ಆಯಾಸ ಕಾಡುತ್ತದೆ. ಕತ್ತಿನ ಹಾಗೂ ಎದೆಯ ಅಭಿಧಮನಿಗಳು ಕಿರಿದಾಗಿ ರಕ್ತ ಸರಾಗವಾಗಿ ಮರಳದಿರುವುದಕ್ಕೂ ಈ ರೋಗಕ್ಕೂ ಸಂಬಂಧವಿದೆಯೆಂದು ಅವರು 2009ರಲ್ಲಿ ವಾದಿಸಿದರು. ಬಲೂನು ತೂರಿಸಿ ಆ ನಾಳಗಳನ್ನು ಅಗಲಿಸುವ ಚಿಕಿತ್ಸೆಗೆ ‘ವಿಮೋಚನೆ’ ಎಂಬ ಹೆಸರೂ ಬಂತು.

ಹೆಸರಿನಲ್ಲಿಯೇ ಎಷ್ಟೊಂದು ಆಶೆ! ಕೆನಡಾದ ಅನೇಕ ರೋಗಿಗಳು ಸ್ವಂತ ಹಣ ತೆತ್ತು ಪೋಲೆಂಡಿಗೆ, ಮೆಕ್ಸಿಕೊಗೆ, ನಮ್ಮ ಭಾರತಕ್ಕೂ ಹೋಗಿಬಂದರು. ಮೈ ಹಗುರಾಯಿತೆಂದು, ಪಾದಗಳು ಬೆಚ್ಚಗಾದವೆಂದು ಹಲವರು ಹೇಳಿದರು. ಆ ಹುರುಪಿನಲ್ಲಿ ಫಿಸಿಯೋಥೆರಪಿಗೆ ತೊಡಗಿದವರೂ ಉಂಟು.

ನಡಿಗೆ ಸುಧಾರಿಸಿದ್ದು ಹಾಗಾದರೆ ಯಾವುದರಿಂದ? ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿದ ನಮಗೆ ಇಲ್ಲಿ ಕಾಕತಾಳೀಯ ನ್ಯಾಯ ನೆನಪಾಗುತ್ತದೆ. ಕಾಗೆ ಕುಳಿತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ಈ ರೋಗವಂತೂ ಅನೇಕರಲ್ಲಿ ಉಲ್ಬಣಿಸುತ್ತ, ತಾನಾಗಿಯೇ ಇಳಿಯುತ್ತ ಸಾಗುವಂಥದು. ಕೆನಡಾದ ತಜ್ಞರು 104 ಮಂದಿಯಲ್ಲಿ 49 ಮಂದಿಗೆ ನಿಜವಾದ ಬಲೂನು ಚಿಕಿತ್ಸೆಯನ್ನೂ ಉಳಿದವರಿಗೆ ಅದರ ತೋರಿಕೆಯನ್ನಷ್ಟೇ ಮಾಡಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಲಿಲ್ಲ. 2017ರಲ್ಲಿ ಹೊರಬಂದ ಫಲಿತಾಂಶದಲ್ಲಿ ಇಬ್ಬಗೆಯವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಜಂಬೋನಿಯವರೇ ಮುಂದಾಳಾಗಿದ್ದ ಇಟಲಿಯ ಅಧ್ಯಯನವೂ ಚಿಕಿತ್ಸೆ ನಿಷ್ಫಲವೆಂದಿತು. ತಮ್ಮ ವಾದವನ್ನು ಕೆಡಹುವ ಫಲವನ್ನು ತಾವೇ ಪ್ರಕಟಿಸಿದ ಆ ವೈದ್ಯರ ಬಗ್ಗೆ ನಮಗೆ ಗೌರವ ಹೆಚ್ಚಿದೆ.

ಆದರೆ ಬಲೂನಿನೊಂದಿಗೆ ವ್ಯಾಯಾಮವನ್ನೂ ಕೈಬಿಟ್ಟರೆ ನಷ್ಟ ಇಮ್ಮಡಿಯಾದೀತು. ಮೈ ಕಾವೇರಿದರೆ ರೋಗಲಕ್ಷಣಗಳು ಹೆಚ್ಚುತ್ತವೆಂದು ಹಿಂದೆ ವೈದ್ಯರು ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. ಆ ಏರಿಕೆ ತಾತ್ಕಾಲಿಕ. ಮೈ ತಣಿದೊಡನೆ ಇಳಿಯುತ್ತದೆ. ಅಮೆರಿಕದ ಯೂಟಾದಲ್ಲಿ 54 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ವಾರ ವ್ಯಾಯಾಮ ಮಾಡಿದವರ ದೇಹಬಲ ವೃದ್ಧಿಸಿತ್ತು. ವ್ಯಾಯಾಮ ರೋಗವನ್ನು ಕಿತ್ತೊಗೆಯದು. ಉಳಿದ ಶಕ್ತಿಯನ್ನು ಕಾಯುತ್ತದೆ.

ಮನೆಯಲ್ಲಿ ಇಂಥ ರೋಗಿಯಿರುವವರಿಗೆ ಒಂದೆರಡು ಮಾತು. ಅವರ ದಣಿವನ್ನು ಸೋಮಾರಿತನವೆನ್ನಬೇಡಿ. ಸೆಕೆಯ ಊರುಗಳಲ್ಲಿ ಮುಂಜಾನೆಯ ತಂಪೇ ಲೇಸು, ಇಲ್ಲವೇ ಫ್ಯಾನಿನ ಗಾಳಿ. ಗಟ್ಟಿ ಕುರ್ಚಿಯನ್ನು ಹಿಡಿದು ಏಳುವುದು, ಕೂರುವುದು, ಬಿಗಿದ ಮೀನಖಂಡವನ್ನು ಮೆಲ್ಲನೆ ಸೆಳೆಯುವುದು, ನಡುನಡುವೆ ವಿರಾಮ. ಕ್ರಮವನ್ನು ಫಿಸಿಯೋಥೆರಪಿಸ್ಟರೇ ಗೊತ್ತುಪಡಿಸಲಿ. ನಾಳದ ಚಿಕಿತ್ಸೆಯ ಬಳಿಕ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವವರು ಬಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚು. ಅಂಥವರು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.