ದೇಹದ ಮೂಲಕ ಮನಸ್ಸಿಗೆ ಚಿಕಿತ್ಸೆ: ಆರಂಭಿಸುವವರು ತಿಳಿದಿರಬೇಕಾದುದು

ನಂಜುಂಡನ ಸನ್ನಿಧಿಗೆ ಕಾಯಿಲೆಯವರು ಹರಕೆ ಹೊತ್ತು ಬರುವುದು ಇಂದು ನಿನ್ನೆಯ ರೂಢಿಯಲ್ಲ. ಟಿಪ್ಪುವಿನ ಆನೆಯ ಕಣ್ಣು ಗುಣವಾದ ಮೇಲೆ ಸ್ವಾಮಿಗೆ ‘ಹಕೀಂ ನಂಜುಂಡ’ ಎಂಬ ಹೆಸರು ಬಂದಿತೆಂಬ ಐತಿಹ್ಯ ನಂಜನಗೂಡು ಸೀಮೆಯಲ್ಲಿ ಮನೆಮಾತಾಗಿದೆ. ಹೀಗೆ ಬರುವ ನೊಂದವರಲ್ಲಿ ಕೆಲವರ ಸಂಕಟ ವಿಚಿತ್ರವಾದುದು. ಎದೆ ಬಿಗಿತ, ತಲೆಭಾರ, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಭಾವ, ಕೈಕಾಲು ಜೋಮು, ಮೈಯೆಲ್ಲ ಉರಿ. ಇ.ಸಿ.ಜಿ., ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಮುಗಿದು ‘ಏನೂ ಇಲ್ಲ’ ಎಂಬ ಉತ್ತರ ಬಂದಿರುತ್ತದೆ. ಅಲ್ಲಿಗೆ ಮನೆಯವರ ತಾಳ್ಮೆಯೂ ಮುಗಿಯುತ್ತದೆ. ಕೆಲಸ ತಪ್ಪಿಸಿಕೊಳ್ಳಲು ನೆವವೆಂಬ ಮಾತು ಹುಟ್ಟುತ್ತದೆ. ಈ ಮಾತನ್ನು ಹೆಚ್ಚಾಗಿ ಕೇಳಿಸಿಕೊಳ್ಳುವವರು ನಮ್ಮ ಮನೆಗಳ ಸೊಸೆಯಂದಿರೆಂಬುದನ್ನು ಹೇಳದೆ ವಿಧಿಯಿಲ್ಲ.

ಅವರ ನೋವು ನಿಜವಾದುದು. ಭಯವಾದಾಗ ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲಕ್ಕೇ ನಿಲ್ಲುತ್ತದೆ, ಹೃದಯದ ಬಡಿತ ಏರುತ್ತದೆ. ಭಯ ಕಳೆದೊಡನೆ ಇವೆಲ್ಲ ಸಡಿಲಗೊಳ್ಳಬೇಕು. ಆದರೆ ತೀರದ ಸಾಲ, ಗಂಡನ ಕುಡಿತ, ಎಳೆಗೂಸನ್ನು ಕಳೆದುಕೊಂಡ ದುಃಖ ಮುಂತಾದವು ವರ್ಷಗಟ್ಟಲೆ ಬೆನ್ನು ಹತ್ತಿದಾಗ ದೇಹ ಆ ಬಿಗಿತದಲ್ಲಿಯೇ ಉಳಿದುಬಿಡಬಹುದು. ಬಾಯಲ್ಲಿ ಹೇಳಲಾಗದುದನ್ನು ಮೈ ಹೇಳುತ್ತದೆ. ದೇಹವನ್ನು ಆಧರಿಸಿದ ಮನೋಚಿಕಿತ್ಸೆ ಹೊರಡುವುದು ಈ ಅರಿವಿನಿಂದಲೇ.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಸ್ನಾಯು ಸಡಿಲಿಕೆಯ ವಿಧಾನ ಇವುಗಳಲ್ಲಿ ಬಹಳ ಸರಳವಾದುದು. ಮುಷ್ಟಿಯನ್ನು ಕೆಲವು ಕ್ಷಣ ಬಿಗಿಹಿಡಿದು ಬಿಡುವುದು, ಬಳಿಕ ಭುಜ, ಹಣೆ, ಹೊಟ್ಟೆ, ಕಾಲು. ಬಿಗಿತಕ್ಕೂ ಸಡಿಲಿಕೆಗೂ ಇರುವ ಅಂತರವನ್ನು ಗುರುತಿಸಲು ಕಲಿಯುವುದು. ನಮ್ಮ ದೇಶದ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಹೊಸಬರು ಮೊದಲು ಕಾಣುವುದು ಬಹುಮಟ್ಟಿಗೆ ಇದನ್ನು, ಇದರೊಡನೆ ಉಸಿರಾಟದ ಅಭ್ಯಾಸವನ್ನು. ಪೀಟರ್ ಲೆವಿನ್ ಎಂಬುವರು ರೂಪಿಸಿದ ‘ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್’ ಪದ್ಧತಿ ಈಚಿನದು. 2017ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದರಲ್ಲಿ ಆಘಾತದಿಂದ ನರಳುತ್ತಿದ್ದ 63 ಮಂದಿಯನ್ನು ಪರೀಕ್ಷಿಸಿ, ಇದರಿಂದ ಉಪಯೋಗವಿದೆಯೆಂದು ಕಂಡುಕೊಂಡರು. ಆದರೆ ಇಂತಹ ಅಧ್ಯಯನಗಳು ಇನ್ನೂ ಕೆಲವೇ ಆಗಿರುವುದರಿಂದ, ಎಲ್ಲ ಕಾಯಿಲೆಗೂ ಇದೇ ಮದ್ದೆನ್ನುವವರನ್ನು ನಂಬಲಾಗದು.

ಮೊದಲ ದಿನ ಏನು ನಡೆಯುತ್ತದೆ? ಬಹುಪಾಲು ಮಾತುಕತೆಯೇ. ನಿದ್ರೆ, ಊಟ, ಹಳೆಯ ಕಾಯಿಲೆಗಳು, ಈಗ ಸೇವಿಸುತ್ತಿರುವ ಮಾತ್ರೆಗಳು, ಮನೆಯ ಸ್ಥಿತಿಗತಿ, ಇವನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ವಿಚಾರಿಸುತ್ತಾರೆ. ಥೈರಾಯ್ಡ್, ರಕ್ತಹೀನತೆ, ಹೃದಯದ ತೊಂದರೆ ಇಲ್ಲವೆಂದು ವೈದ್ಯರಿಂದ ಮೊದಲೇ ಖಚಿತಪಡಿಸಿಕೊಂಡು, ಹಳೆಯ ಚೀಟಿಗಳನ್ನೆಲ್ಲ ಕೊಂಡೊಯ್ಯುವುದು ಲೇಸು. ಮೂರ್ಛೆರೋಗ, ಗರ್ಭಧಾರಣೆ, ಹಿಂದೆ ಬುದ್ಧಿಭ್ರಮಣೆಯಾಗಿದ್ದುದು, ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬಾರದು. ವೇಗವಾಗಿ ಉಸಿರಾಡಿಸುವಂತಹ ಅಭ್ಯಾಸಗಳು ಇಂಥವರಿಗೆ ಸಲ್ಲವು.

ಮುಂದಿನ ಭೇಟಿಗಳಲ್ಲಿ ಪಾದಗಳನ್ನು ನೆಲಕ್ಕೂರಿ ಕುಳಿತು, ಮೈಯಲ್ಲಿ ಏನಾಗುತ್ತಿದೆಯೆಂದು ಗಮನಿಸಲು ಹೇಳುತ್ತಾರೆ. ‘ಈ ಮಾತು ಹೇಳುವಾಗ ಎದೆಯಲ್ಲಿ ಏನಾಯಿತು?’ ಎಂಬಂತಹ ಪ್ರಶ್ನೆಗಳು ಬರುತ್ತವೆ. ಮೊದಮೊದಲು ‘ಏನೂ ಗೊತ್ತಾಗುತ್ತಿಲ್ಲ’ ಎಂಬುದೇ ಉತ್ತರವಾದರೆ ನಾಚಿಕೊಳ್ಳಬೇಕಾಗಿಲ್ಲ. ಕೆಲವರಿಗೆ ಕಣ್ಣೀರು, ಕೆಲವರಿಗೆ ಆಕಳಿಕೆ, ಬೆವರು, ಕೈಕಾಲು ನಡುಕ ಬರುವುದುಂಟು. ನಮ್ಮ ಕಡೆ ನಡುಕ ಕಂಡೊಡನೆ ಗಾಳಿ ಸೋಕಿತೆಂದೋ ಮೈಮೇಲೆ ಬಂತೆಂದೋ ಗಾಬರಿಯಾಗುವವರಿದ್ದಾರೆ. ಬಹುಕಾಲದ ಬಿಗಿತ ಸಡಿಲುವಾಗ ಹೀಗಾಗಬಹುದು. ತಡೆಯಲಾರದಂತಾದರೆ ‘ಸಾಕು’ ಎನ್ನುವ ಹಕ್ಕು ಚಿಕಿತ್ಸೆಗೆ ಬಂದವರದು. ಬಲ್ಲವರು ಕೂಡಲೇ ನಿಲ್ಲಿಸಿ, ಕಣ್ಣು ತೆರೆಸಿ, ಸುತ್ತಲಿನ ವಸ್ತುಗಳ ಮೇಲೆ ಗಮನ ತರಿಸುತ್ತಾರೆ.

ಸ್ಪರ್ಶದ ವಿಷಯವನ್ನು ಹೆಣ್ಣುಮಕ್ಕಳು ಕೇಳಲು ಸಂಕೋಚಪಡುತ್ತಾರಾದುದರಿಂದ ನಾವೇ ಬಿಡಿಸಿ ಹೇಳುತ್ತೇವೆ. ಈ ಚಿಕಿತ್ಸೆಯ ಬಹುಭಾಗ ಮುಟ್ಟದೆಯೇ ನಡೆಯುತ್ತದೆ. ಭುಜವನ್ನೋ ಬೆನ್ನನ್ನೋ ಮುಟ್ಟಬೇಕಾದಲ್ಲಿ ಕಾರಣ ತಿಳಿಸಿ ಒಪ್ಪಿಗೆ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಬಟ್ಟೆ ಕಳಚಬೇಕೆನ್ನುವ ಪ್ರಸಂಗವೇ ಇಲ್ಲ. ಹಾಗೆಂದವರಲ್ಲಿಗೆ ಮತ್ತೆ ಕಾಲಿಡಬೇಡಿರಿ. ಮಹಿಳೆಯೇ ಚಿಕಿತ್ಸೆ ನೀಡಬೇಕೆಂದು ಕೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ಮೊದಲು ವಿಚಾರಿಸಿರಿ. ನಂಜನಗೂಡಿನವರಿಗೂ ತಿ. ನರಸೀಪುರದವರಿಗೂ ಮೈಸೂರು ಒಂದು ಗಂಟೆಯ ಆಸುಪಾಸಿನ ಬಸ್ ಪ್ರಯಾಣ, ಅಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿಯೂ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಖಾಸಗಿಯಾಗಿ ಹೋಗುವವರು, ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂದು ಕೇಳಿ ತಿಳಿಯಬೇಕು. ವಾರಾಂತ್ಯದ ಶಿಬಿರ ಮುಗಿಸಿ ಬೋರ್ಡು ಹಾಕಿಕೊಂಡವರೂ ಇದ್ದಾರು. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಅವರ ಅಪ್ಪಣೆಯಿಲ್ಲದೆ ನಿಲ್ಲಿಸುವುದಂತೂ ಅಪಾಯಕರ.

ಎರಡು ಭೇಟಿಗಳಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟವರು ಬಹಳ. ಇಸ್ರೇಲಿನ ಆ ಅಧ್ಯಯನದಲ್ಲಿಯೂ ವಾರಕ್ಕೊಮ್ಮೆಯಂತೆ 15 ಭೇಟಿಗಳು ನಡೆದಿದ್ದವು. ಚಿಕಿತ್ಸೆಯ ದಿನ ಆಯಾಸವಾಗಬಹುದು, ರಾತ್ರಿ ಕನಸುಗಳು ಹೆಚ್ಚಬಹುದು. ಆ ಸಂಜೆಯ ಅಡುಗೆಯನ್ನು ಮನೆಯ ಉಳಿದವರು ನೋಡಿಕೊಂಡರೆ ಅದೊಂದು ದೊಡ್ಡ ಉಪಕಾರ. ‘ಒಳಗೆ ನಮ್ಮ ಬಗ್ಗೆ ಏನು ಹೇಳಿದೆ?’ ಎಂದು ಅತ್ತೆಯಾಗಲಿ ಗಂಡನಾಗಲಿ ಕೆದಕಬಾರದು. ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೇ ಕೊಟ್ಟಿದೆ. ಸಾಯಬೇಕೆನ್ನುವ ಮಾತು ಯಾರ ಬಾಯಲ್ಲಿ ಬಂದರೂ ಮುಂದಿನ ವಾರದ ಭೇಟಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.